ಜಾತ್ರಿ ಸ್ಟೇಜಿನಿಂದ ಸ್ಟುಡಿಯೋವರೆಗೆ: ಹಾಡು ನಿಮ್ಮದು, ಹಕ್ಕು ಯಾರದು?

ನಮ್ಮ ಕಡೆ ‘ಬ್ಯಾಂಡ್’ ಅಂದ್ರ ಮದುವಿ ಮೆರವಣಿಗಿಯ ಬ್ಯಾಂಡೇ ನೆನಪಾಗೋದು. ಬೆಂಗಳೂರಿನಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ ಸ್ವಂತ ಹಾಡು ಕಟ್ಟಿ ಹಾಡೋ ತಂಡಕ್ಕೆ ‘ಇಂಡಿ ಬ್ಯಾಂಡ್’ ಅಂತಾರೆ. ಅದಕ್ಕೂ ನಮ್ಮ ಇಂಡಿ ತಾಲೂಕಿಗೂ ಸಂಬಂಧ ಇಲ್ಲ, ‘ಇಂಡಿಪೆಂಡೆಂಟ್’ ಅನ್ನೋದನ್ನ ಗಿಡ್ಡ ಮಾಡಿದ್ದಾರೆ ಅಷ್ಟೇ. ಆದ್ರ ಕೆಲಸ ನೋಡಿದ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಜಾನಪದ ತಂಡಗಳು ಮಾಡೋದೂ ಅದನ್ನೇ. ಜಾತ್ರಿಯಲ್ಲಿ ಹಾಡ್ತಾರೆ, ಉಳಿದ ರೊಕ್ಕ ಹಿಡಕೊಂಡು ಸ್ಟುಡಿಯೋಕ್ಕೆ ಹೋಗ್ತಾರೆ, ಹಾಡು ಯೂಟ್ಯೂಬಿಗೆ ಬಿಡ್ತಾರೆ, ಮತ್ತ ಸ್ಟೇಜಿಗೆ ಬರ್ತಾರೆ. ಈ ಓಡಾಟದ ನಡುವೆ ಹಾಡಿನ ಹಕ್ಕು ಕೈಬಿಟ್ಟು ಹೋಗೋದು ಹೇಗೆ, ಅದನ್ನ ಉಳಿಸಿಕೊಳ್ಳೋದು ಹೇಗೆ ಅನ್ನೋದೇ ಈ ಬರಹ.

ಮೊದಲು ಸ್ಟೇಜಿನ ಲೆಕ್ಕ. ಸಂಕ್ರಾಂತಿಗೆ ವಿಜಯಪುರದ ಸಿದ್ಧೇಶ್ವರ ಜಾತ್ರಿಯಿಂದ ಹಿಡಿದು ಬ್ಯಾಸಗಿ ಮುಗಿಯೋವರೆಗೆ ಊರೂರ ಜಾತ್ರಿ. ಶ್ರಾವಣದಲ್ಲಿ ಬಸವನಬಾಗೇವಾಡಿ ಜಾತ್ರಿ, ಆಮೇಲೆ ಗಣಪತಿ, ರಾಜ್ಯೋತ್ಸವ. ನಡುವಿನ ಮಳೆಗಾಲದಲ್ಲಿ ಸ್ಟೇಜು ಬಹುತೇಕ ಬಂದ್. ಇದ್ದ ದಿನಗಳಲ್ಲೂ ಸಮಯ ಕಡಿಮೆ: 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ ಹರಿದಿನಕ್ಕೆ ಸರ್ಕಾರ ರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಬಂದ ರೊಕ್ಕದಲ್ಲಿ ಗಾಡಿ ಬಾಡಿಗಿ, ಸೌಂಡಿನವರು, ಕೀಬೋರ್ಡಿನವರು, ಢೋಲಕದವರು ಅಂತ ಹಂಚಿದ ಮೇಲೆ ಹಾಡು ಬರೆದವನ ಕೈಗೆ ಉಳಿಯೋದು ಅಷ್ಟಕ್ಕಷ್ಟೇ.

ಹಂಗಾದ್ರ ಸ್ಟುಡಿಯೋಕ್ಕೆ ಯಾಕೆ ಹೋಗಬೇಕು? ಒಂದು ಹಾಡು ಓಡಿದ್ರ ಮುಂದಿನ ಜಾತ್ರಿಗೆ ಕರೆ ಬರ್ತಾವ, ರೇಟೂ ಏರತೈತಿ. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ ಅವರ ‘ನಾ ಡ್ರೈವರ’ ಹಾಡು ರಾಜ್ಯದ ತುಂಬ ಮೊಳಗಿ, ಅವರು ಬಿಗ್ ಬಾಸ್ ಮನೆಗೆ ಹೋಗಿದ್ದನ್ನ ಎಲ್ಲರೂ ನೋಡ್ಯಾರ. ಆ ಆಸೆಯಿಂದಲೇ ಎಷ್ಟೋ ಹುಡುಗರು ‘ಹಾಡು ಬಿಟ್ರ ಸಾಕ್ರೀ’ ಅಂತ ಬೇರೆಯವರ ಚಾನೆಲ್ಲಿಗೆ ಹಾಡು ಕೊಟ್ಟು ಬರ್ತಾರೆ. ಎಡವೋದು ಇಲ್ಲೇ.

ಸ್ಟುಡಿಯೋದೊಳಗೆ ಕೆಲಸ ಬೇರೆ ಥರ. ಸ್ಟೇಜಿನ ಮೇಲೆ ಐದಾರು ಮಂದಿ ಕೂಡಿ ಬಾರಿಸ್ತಾರೆ. ಸಣ್ಣ ಸ್ಟುಡಿಯೋಗಳಲ್ಲಿ ಬಹಳ ಸಲ ಕೀಬೋರ್ಡಿನವರೊಬ್ಬರೇ ಕಂಪ್ಯೂಟರಿನಲ್ಲಿ ಪೂರಾ ಟ್ರ್ಯಾಕ್ ಮಾಡ್ತಾರೆ. ಹಾಡೋರು ಮೈಕಿನ ಮುಂದೆ ಹೆಡ್‌ಫೋನ್ ಹಾಕ್ಕೊಂಡು ಒಂದೊಂದೇ ನುಡಿ ಹಾಡ್ತಾರೆ, ಆಮೇಲೆ ಮಿಕ್ಸಿಂಗ್, ಮಾಸ್ಟರಿಂಗ್. ವರ್ಷಾನುಗಟ್ಟಲೆ ಜೊತೆಗಿದ್ದ ಢೋಲಕದವ ಆ ದಿನ ಮನಿಯಲ್ಲೇ ಉಳೀತಾನ. ಖರ್ಚು ಉಳೀತದ ಅನ್ನೋದು ಖರೆ, ಆದ್ರ ತಂಡ ಒಡೆಯೋದೂ ಬಹಳ ಸಲ ಇಲ್ಲಿಂದಲೇ.

ಈಗ ಹಕ್ಕಿನ ಮಾತು. ಕೇಳೋರಿಗೆ ಒಂದೇ ಹಾಡು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದರೊಳಗೆ ಬೇರೆ ಬೇರೆ ಹಕ್ಕು ಇರ್ತಾವ. ಸಾಹಿತ್ಯ ಬರೆದವರದು ಒಂದು, ದಾಟಿ ಹಾಕಿದವರದು ಒಂದು, ಹಾಡಿದವರು ಮತ್ತು ಬಾರಿಸಿದವರದು ಒಂದು. ರೆಕಾರ್ಡಿಂಗಿನ ಹಕ್ಕು ಮಾತ್ರ ಅದನ್ನ ಮುಂದೆ ನಿಂತು, ಜವಾಬ್ದಾರಿ ಹೊತ್ತು ಮಾಡಿಸಿದವರದು. ಅಂದ್ರ ನಿರ್ಮಾಪಕರದು. ನಮ್ಮ ಕಡೆ ಎಷ್ಟೋ ಹಾಡಿಗೆ ರೊಕ್ಕ ಹಾಕೋರು ಪ್ಯಾಟಿಯ ಅಂಗಡಿಯವರು, ಇಲ್ಲಾ ಗೆಳೆಯರು. ರೊಕ್ಕ ಕೊಟ್ಟಿದ್ದು ಸಹಾಯಕ್ಕೋ, ಸಾಲಕ್ಕೋ, ನಿರ್ಮಾಪಕ ಆಗೋದಕ್ಕೋ ಅನ್ನೋದನ್ನ ಅವತ್ತೇ ಬರೆದಿಡದಿದ್ರ, ಹಾಡು ಓಡಿದ ದಿನ ಜಗಳ ತಪ್ಪಿದ್ದಲ್ಲ.

ಬಾಯಿಮಾತಿನಲ್ಲಿ ‘ಹಾಡು ನಿಮಗ ಕೊಟ್ಟೀನ್ರೀ’ ಅಂದ್ರ ಕಾಯ್ದೆ ಒಪ್ಪಲ್ಲ. ಹಕ್ಕು ವರ್ಗಾವಣೆ ಬರವಣಿಗೆಯಲ್ಲಿರಬೇಕು, ಕೊಡೋರ ಸಹಿ ಇರಬೇಕು. ಪತ್ರದಲ್ಲಿ ಎಷ್ಟು ವರ್ಷ ಅಂತ ಬರೆಯದಿದ್ರ 5 ವರ್ಷ ಅಂತಲೇ ಅರ್ಥ. ಎಲ್ಲಿಗೆ ಅಂತ ಬರೆಯದಿದ್ರ ಭಾರತಕ್ಕೆ ಮಾತ್ರ. ಅದಕ್ಕೇ ಚಾನೆಲ್ಲಿನವರು ತರೋ ಕಾಗದದಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಅನ್ನೋ ಎರಡು ಮಾತು ಇದಾವೇನು ಅಂತ ಮೊದಲು ಹುಡುಕಬೇಕು. ಇದ್ರ ಹೊಡೆದು ಹಾಕಿ, ಮೂರೋ ಐದೋ ವರ್ಷ ಅಂತ ಬರೆಸಿಕೊಳ್ಳಿ. 2012ರ ತಿದ್ದುಪಡಿ ಬಂದ ಮೇಲೆ ಇನ್ನೊಂದು ಬಲ ಐತಿ: ಸಾಹಿತ್ಯ, ಸಂಗೀತ ಮಾಡಿದವರು ಹಾಡು ಕೊಟ್ಟರೂ ಅದರ ಬಳಕೆಯ ರಾಯಲ್ಟಿಯಲ್ಲಿ ತಮ್ಮ ಸಮಪಾಲನ್ನ ಬಿಟ್ಟುಕೊಡೋಕೆ ಬರೋದಿಲ್ಲ. ‘ಬಿಟ್ಟೀನಿ’ ಅಂತ ಸಹಿ ಹಾಕಿಸಿಕೊಂಡಿದ್ರೂ ಆ ಮಾತು ನಿಲ್ಲಲ್ಲ.

ಯೂಟ್ಯೂಬಿನ ದುಡಿಮೆ ಬೇರೆ. ಜಾಹೀರಾತಿನ ಪಾಲು ಬರಬೇಕಾದ್ರ ಚಾನೆಲ್ಲಿಗೆ 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ನೋಡಿರಬೇಕು, ಇಲ್ಲಾ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಹೊಸ ತಂಡಕ್ಕೆ ಇದು ದೂರದ ಮಾತು, ಅದಕ್ಕೇ ದೊಡ್ಡ ಚಾನೆಲ್ಲಿನ ಆಸರೆ ಬೇಕಾಗ್ತದೆ. ಆದ್ರ ಚಾನೆಲ್ಲಿನವರು ಹಾಡನ್ನ ವಿತರಕರ ಮೂಲಕ ‘ಕಂಟೆಂಟ್ ಐಡಿ’ ವ್ಯವಸ್ಥೆಗೆ ಸೇರಿಸಿದ್ರ, ಆಮೇಲೆ ಹಾಡಿದವ ತನ್ನ ಹಾಡನ್ನೇ ತನ್ನ ಚಾನೆಲ್ಲಿಗೆ ಹಾಕಿದಾಗ ಕ್ಲೇಮ್ ಬೀಳ್ತದೆ, ರೊಕ್ಕ ಅತ್ತ ಹೋಗ್ತದೆ.

‘ಜಾನಪದ ಅಂದ್ಮ್ಯಾಗ ಯಾರಪ್ಪನ ಆಸ್ತಿನೂ ಅಲ್ಲ’ ಅನ್ನೋ ಮಾತು ಅರ್ಧ ಖರೆ. ಆಗ ಇಂಡಿ ತಾಲೂಕಿನಲ್ಲಿದ್ದ, ಈಗ ಚಡಚಣಕ್ಕೆ ಸೇರಿದ ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ತಂದ ‘ಗರತಿಯ ಹಾಡು’ ಸಂಗ್ರಹದ ತ್ರಿಪದಿಗಳಿಗೆ ಇಂಥವರೇ ಕರ್ತೃ ಅಂತಿಲ್ಲ. 1889ರಲ್ಲಿ ತೀರಿಕೊಂಡ ಶಿಶುನಾಳ ಶರೀಫರ ತತ್ವಪದಗಳ ಸಾಹಿತ್ಯವನ್ನೂ ಯಾರು ಬೇಕಾದ್ರೂ ಹಾಡಬಹುದು. ಆದ್ರ ಅದನ್ನ ಸಿ. ಅಶ್ವತ್ಥ್ ಹಾಕಿದ ದಾಟಿಯಲ್ಲೇ ರೆಕಾರ್ಡ್ ಮಾಡಬೇಕಂದ್ರ ಅನುಮತಿ ಬೇಕು. ಅಶ್ವತ್ಥ್ ತೀರಿಕೊಂಡಿದ್ದು 2009ರಲ್ಲಿ, ದಾಟಿಯ ಹಕ್ಕು ಅಲ್ಲಿಂದ 60 ವರ್ಷ, ಅಂದ್ರ 2069ರ ಕೊನೆವರೆಗೆ ಇರ್ತದೆ. ರಘು ದೀಕ್ಷಿತ್ ತಂಡ 2008ರ ಮೊದಲ ಆಲ್ಬಮ್ಮಿನಲ್ಲಿ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಪದವನ್ನ ತನ್ನದೇ ದಾಟಿಯಲ್ಲಿ ಹಾಡಿತು. ನಮ್ಮ ತಂಡಗಳಿಗೂ ಆ ದಾರಿ ತೆರೆದೇ ಐತಿ.

ಲಾವಣಿ, ಗೀಗೀ ಮೇಳದ ಕವಿಗಳು ಕೊನೆಯ ನುಡಿಯಲ್ಲಿ ತಮ್ಮ ಊರು, ಹೆಸರು ಸೇರಿಸಿ ಹಾಡ್ತಿದ್ರು. ಇವತ್ತಿನ ಯೂಟ್ಯೂಬ್ ಹಾಡಿನಲ್ಲೂ ಆ ರೂಢಿ ಉಳಿದದ. ಒಳ್ಳೇದೇ, ಹೆಸರು ಉಳೀತದೆ. ರೊಕ್ಕಕ್ಕೆ ಮಾತ್ರ ಕಾಗದ ಬೇಕು.

ಅಂಗಡಿಯವರಿಗೂ ಎರಡು ಮಾತು. ಗಿರಾಕಿಗಳಿಗೆ ಕೇಳೋ ಹಂಗ ಅಂಗಡಿಯಲ್ಲಿ, ಹೋಟೆಲಿನಲ್ಲಿ ಹಾಡು ಹಚ್ಚಿದ್ರ ಅದು ಸಾರ್ವಜನಿಕ ಪ್ರದರ್ಶನ, ಅದಕ್ಕೆ ಲೈಸೆನ್ಸ್ ಕೇಳೋ ಹಕ್ಕು ಹಕ್ಕುದಾರರಿಗಿದೆ. ಮದುವಿ, ಮದುವಿ ಮೆರವಣಿಗಿ, ಧಾರ್ಮಿಕ ವಿಧಿಗಳಿಗೆ ಕಾಯ್ದೆಯಲ್ಲೇ ವಿನಾಯಿತಿ ಐತಿ. ಪರಿಚಯದ ಹುಡುಗನ ಹಾಡು ಅಂತ ಅಂಗಡಿಯ ಜಾಹೀರಾತು ವಿಡಿಯೋಕ್ಕೆ ಹಾಗೇ ಹಾಕೋದೂ ತಪ್ಪೇ, ಒಂದು ಮಾತು ಕೇಳಿ, ಚೀಟಿ ಬರೆಸಿಕೊಂಡು, ಅವನ ಕೈಗೂ ಏನಾದ್ರೂ ಕೊಟ್ಟು ಹಾಕಿ.

ತಂಡದವರು ಸ್ಟುಡಿಯೋಕ್ಕೆ ಹೋಗೋ ಮೊದಲು ಒಂದು ಹಾಳೆಯಲ್ಲಿ ಬರೆದವರು, ದಾಟಿ ಹಾಕಿದವರು, ಹಾಡಿದವರು, ಬಾರಿಸಿದವರು, ರೊಕ್ಕ ಹಾಕಿದವರು ಯಾರ್ಯಾರು, ಯಾರಿಗೆ ಎಷ್ಟು ಪಾಲು ಅಂತ ಬರೆದು ಎಲ್ಲರೂ ಸಹಿ ಮಾಡಿದ್ರ ಸಾಕು. ನೋಂದಣಿ ಕಡ್ಡಾಯ ಇಲ್ಲ. ಬೇಕಂದ್ರ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನಿನಲ್ಲೇ ಅರ್ಜಿ ಹಾಕಬಹುದು. 2013ರ ನಿಯಮದಂತೆ ಸಾಹಿತ್ಯ ಅಥವಾ ಸಂಗೀತಕ್ಕೆ 500 ರೂಪಾಯಿ, ರೆಕಾರ್ಡಿಂಗಿಗೆ 2,000 ರೂಪಾಯಿ ಶುಲ್ಕ.