ಬಾಗಿದ ಕನ್ನಡಕ, ಬಾಗಿ ಕಾಣುವ ಅಡಿಕೆ ಮರ

ನೆಲದಿಂದಲೇ ಅಡಿಕೆಯ ಗೊನೆ ಕೊಯ್ಯುವ ಉದ್ದನೆಯ ಗಳ, ಅಂದರೆ ಫೈಬರ್ ದೋಟಿ ಬಂದ ಮೇಲೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅನೇಕ ಅಡಿಕೆ ತೋಟಗಳಲ್ಲಿ ಕೊಯ್ಲೂ ಮದ್ದು ಬಿಡುವ ಕೆಲಸವೂ ನೆಲದಲ್ಲಿ ನಿಂತೇ ನಡೆಯುವಂತಾಗಿದ್ದು, ಹಿಂದೆ ಮರವೇರಿದವನ ಕೈಕಾಲಿಗೆ ಬೀಳುತ್ತಿದ್ದ ಶ್ರಮದ ಒಂದು ಪಾಲು ಈಗ ಕೆಳಗೆ ನಿಂತವನ ಕುತ್ತಿಗೆಗೂ ಕಣ್ಣಿಗೂ ವರ್ಗವಾಗಿದೆ. ಆಕಾಶದ ಬೆಳಕಿಗೆ ಮುಖವೆತ್ತಿ ಅಡಿಕೆ ಗೊನೆಯನ್ನು ಹುಡುಕುವವನಿಗೆ, ಹುಲ್ಲು ತೆಗೆಯುವ ಯಂತ್ರದಿಂದ ಚಿಮ್ಮುವ ಕಲ್ಲುಚೂರಿಗೆ ಹೆದರುವವನಿಗೆ, ಕುಂಬ್ರದಿಂದ ಕೆದಂಬಾಡಿಯ ತಿಂಗಳಾಡಿಯ ಮೂಲಕ ಬೆಳ್ಳಾರೆಯತ್ತ ಬೈಕಿನಲ್ಲಿ ಹೋಗುವವನಿಗೆ, ಎದುರನ್ನಷ್ಟೇ ಅಲ್ಲದೆ ಬದಿಯನ್ನೂ ಮುಚ್ಚುವಂತೆ ಕಿವಿಯ ಕಡೆಗೆ ಬಾಗಿ ಬರುವ ಕೂಲಿಂಗ್ ಗ್ಲಾಸ್, ಅಂದರೆ ಅಂಗಡಿಯವರು ರ‍್ಯಾಪ್‌ಅರೌಂಡ್ ಎನ್ನುವ ಕನ್ನಡಕ, ನಿಜಕ್ಕೂ ಉಪಯುಕ್ತವಾದುದು. ಬರಿಗಣ್ಣಿಗೆ ದೃಷ್ಟಿ ಸರಿಯಿರುವವರಿಗೆ ಇದರಿಂದ ಹೆಚ್ಚಿನ ತೊಂದರೆಯೂ ಇಲ್ಲ. ಆದರೆ ಮೈನಸ್ ಐದು, ಆರು, ಏಳರಷ್ಟು ಪವರ್ ಇರುವವರು ಅದೇ ಆಕಾರದ ಫ್ರೇಮಿಗೆ ತಮ್ಮ ನಂಬರಿನ ಗಾಜು ಹಾಕಿಸಿಕೊಂಡಾಗ, ನೋಟದ ಅಂಚಿನಲ್ಲಿ ಮರದ ಕಾಂಡಗಳು ಬಾಗುತ್ತವೆ, ತಲೆ ತಿರುಗಿಸಿದರೆ ನೆಲ ತೇಲಿದಂತಾಗುತ್ತದೆ. ಈ ಅನುಭವದ ಸುತ್ತ ಹಲವು ತಪ್ಪು ನಂಬಿಕೆಗಳು ಬೆಳೆದಿವೆ.

ಅವುಗಳಲ್ಲಿ ಮೊದಲನೆಯದು, ಕಣ್ಣು ಪರೀಕ್ಷಿಸಿದವರು ನಂಬರನ್ನೇ ತಪ್ಪಾಗಿ ಬರೆದಿದ್ದಾರೆ ಎಂಬುದು. ಚೀಟಿಯಲ್ಲಿರುವ ನಂಬರ್ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಅದು ಕಣ್ಣಿನ ಮುಂದೆ ಸುಮಾರು 12 ಮಿಲಿಮೀಟರ್ ದೂರದಲ್ಲಿ ಹೆಚ್ಚುಕಡಿಮೆ ನೇರವಾಗಿ ನಿಂತ ಗಾಜಿಗೆ ಬರೆದ ನಂಬರ್ ಎಂಬುದು ಚೀಟಿಯಲ್ಲಿ ನಮೂದಾಗಿರುವುದಿಲ್ಲ. ಬಾಗಿದ ಫ್ರೇಮಿನಲ್ಲಿ ಪ್ರತಿಯೊಂದು ಗಾಜೂ 15ರಿಂದ 25 ಡಿಗ್ರಿಯಷ್ಟು ಕಿವಿಯ ಕಡೆಗೆ ಓರೆಯಾಗಿ ಕೂರುತ್ತದೆ, ಓರೆಯಾದ ಗಾಜು ಅದೇ ನಂಬರಿನ ಗಾಜಾಗಿ ಉಳಿಯುವುದಿಲ್ಲ. ಡಯಾಪ್ಟರ್ ಎಂಬುದು ಗಾಜಿನ ಶಕ್ತಿಯ ಅಳತೆ. ಒಂದು ಮೀಟರ್ ದೂರದಲ್ಲಿ ಬೆಳಕನ್ನು ಕೂಡಿಸುವ ಗಾಜಿನ ಶಕ್ತಿ ಒಂದು ಡಯಾಪ್ಟರ್, ಬೆಳಕನ್ನು ಹರಡಿಸುವ ಗಾಜಿಗೆ ಮೈನಸ್ ಚಿಹ್ನೆ. ಮೈನಸ್ 6 ಡಯಾಪ್ಟರಿನ ಸಾಧಾರಣ ಪ್ಲಾಸ್ಟಿಕ್ ಗಾಜನ್ನು 20 ಡಿಗ್ರಿ ಓರೆ ಮಾಡಿದರೆ ಅದು ಸುಮಾರು ಮೈನಸ್ 6.23ರಂತೆ ವರ್ತಿಸುವುದಲ್ಲದೆ, ಯಾರೂ ಬರೆಯದ ಮೈನಸ್ 0.83ರಷ್ಟು ಸಿಲಿಂಡರನ್ನೂ, ಅಂದರೆ ಒಂದು ದಿಕ್ಕಿನಲ್ಲಿ ಮಾತ್ರ ಕೆಲಸ ಮಾಡುವ ಪವರನ್ನೂ, 90 ಡಿಗ್ರಿ ಅಕ್ಷದಲ್ಲಿ ತಾನಾಗಿ ಹುಟ್ಟಿಸುತ್ತದೆ. ಇದು ಅಂಚಿನ ದೋಷವಲ್ಲ, ನೇರ ನೋಟದಲ್ಲೇ ಇರುವ ಮಸುಕು. ಮೈನಸ್ 2 ಇರುವವರಿಗೆ ಇದೇ ಓರೆಯಿಂದ ಬರುವ ಸಿಲಿಂಡರ್ ಕಾಲು ಡಯಾಪ್ಟರಿನ ಆಸುಪಾಸಿನಲ್ಲಿದ್ದು ಗಮನಕ್ಕೆ ಬಾರದೆಯೂ ಹೋಗಬಹುದು. ‘ಅವನಿಗೆ ಸರಿಯಾಯಿತಲ್ಲ, ಇವನಿಗೇಕೆ ಆಗದು’ ಎಂಬ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ.

ಇದಕ್ಕೆ ನೇರ ವಿರುದ್ಧ ದಿಕ್ಕಿನ ಇನ್ನೊಂದು ನಂಬಿಕೆ, ಗಾಜನ್ನು ಅಳೆದಾಗ ಚೀಟಿಯ ನಂಬರೇ ಕಾಣಬೇಕೆಂಬುದು, ಹೆಚ್ಚು ಸ್ವಾರಸ್ಯಕರವಾದುದು. ಈ ಓರೆಯನ್ನು ಮೊದಲೇ ಲೆಕ್ಕಹಾಕಿ, ಗಣಕಯಂತ್ರದ ನೆರವಿನಿಂದ ಮೇಲ್ಮೈಯ ಪ್ರತಿ ಬಿಂದುವನ್ನೂ ಬೇರೆಬೇರೆಯಾಗಿ ಕಡೆಯುವ ‘ಫ್ರೀಫಾರ್ಮ್’ ಗಾಜುಗಳು ಈಗ ದೊರೆಯುತ್ತವೆ. ಮೈನಸ್ 6ರ ಚೀಟಿಗೆ 20 ಡಿಗ್ರಿ ಓರೆಯ ಫ್ರೇಮಿನಲ್ಲಿ ಕೂರಬೇಕಾದ ಗಾಜು, ಗಾಜಿನ ಪವರ್ ಅಳೆಯುವ ಲೆನ್ಸೋಮೀಟರಿನಲ್ಲಿ ಇಟ್ಟಾಗ ಸುಮಾರು ಮೈನಸ್ 5.10 ಗೋಳೀಯ ಪವರ್, 180 ಡಿಗ್ರಿ ಅಕ್ಷದಲ್ಲಿ ಮೈನಸ್ 0.67 ಸಿಲಿಂಡರ್ ಎಂದು ತೋರಿಸಬೇಕು; ಮುಖದ ಮೇಲೆ ಓರೆಯಾಗಿ ಕುಳಿತಾಗ ಮಾತ್ರ ಅದು ಮೈನಸ್ 6 ಆಗುತ್ತದೆ. ಇದನ್ನರಿಯದೆ ಇನ್ನೊಂದು ಅಂಗಡಿಯಲ್ಲಿ ಅಳೆಯಿಸಿ ‘ಚೀಟಿಯ ನಂಬರೇ ಇಲ್ಲ, ಮೋಸವಾಗಿದೆ’ ಎಂದುಕೊಳ್ಳುವುದು ಸಹಜ. ಹೀಗೆ ಓರೆಗೆ ತಕ್ಕಂತೆ ಕಡೆದ ಗಾಜಿನ ಲಕೋಟೆಯ ಮೇಲೆ ಸಾಮಾನ್ಯವಾಗಿ ಎರಡು ನಂಬರುಗಳಿರುತ್ತವೆ, ಒಂದು ಚೀಟಿಯದು, ಇನ್ನೊಂದು ಯಂತ್ರದಲ್ಲಿ ಕಾಣಬೇಕಾದದ್ದು. ಈ ಬಗೆಯ ಫ್ರೇಮಿನಲ್ಲಿ ಗಾಜು ಚೀಟಿಯೊಂದಿಗೆ ಅಕ್ಷರಶಃ ಹೊಂದಿಕೆಯಾಗುತ್ತಿದ್ದರೆ ಅನುಮಾನಿಸಬೇಕಾದುದು ಆಗಲೇ.

ಗಾಜು ಕಣ್ಣನ್ನು ಸುತ್ತುವರಿದಿರುವುದರಿಂದ ಬದಿಯ ನೋಟವೂ ಎದುರಿನಷ್ಟೇ ಸ್ಪಷ್ಟವಾಗಿರಬೇಕು ಎಂಬ ತರ್ಕ ಮೇಲ್ನೋಟಕ್ಕೆ ಸರಿಯೆನಿಸುತ್ತದೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಚಪ್ಪಟೆ ಗಾಜಿಗಿಂತ ಒಳಬಾಗಿದ ಗಾಜಿನಲ್ಲಿ ಬದಿಯ ನೋಟ ಉತ್ತಮವೆಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ 1804ರಲ್ಲೇ ವಾದಿಸಿದ್ದನು. 1912ರಲ್ಲಿ ಝೈಸ್ ಸಂಸ್ಥೆ ಮೊರಿಟ್ಜ್ ಫಾನ್ ರೋರ್ ಅವರ ಲೆಕ್ಕಾಚಾರದ ಮೇಲೆ ಪುಂಕ್ಟಾಲ್ ಎಂಬ ಗಾಜನ್ನು ಹೊರತಂದದ್ದೂ ಇದೇ ತತ್ತ್ವದಿಂದ. ಆದರೆ ಆ ಲೆಕ್ಕಾಚಾರದ ಸಾರವೆಂದರೆ ಒಂದೊಂದು ಪವರಿಗೆ ಒಂದೊಂದು ತಕ್ಕ ಬಾಗು ಇದೆ ಎಂಬುದು. ಮೈನಸ್ 6ಕ್ಕೆ ಮುಂಭಾಗದ ಬಾಗು ಸುಮಾರು 2 ಅಥವಾ 3 ಡಯಾಪ್ಟರ್ ಇದ್ದರೆ ಹಿತ. ಬಾಗಿದ ಕೂಲಿಂಗ್ ಗ್ಲಾಸಿನ ಫ್ರೇಮು ಬೇಡುವುದು 8 ಡಯಾಪ್ಟರ್, ಅಂದರೆ ಸುಮಾರು 66 ಮಿಲಿಮೀಟರ್ ತ್ರಿಜ್ಯದ ಗೋಳದ ತುಣುಕು. ಪವರಿಲ್ಲದ ಗಾಜಿನಲ್ಲಿ ಹಿಂಬದಿಯೂ ಹೆಚ್ಚುಕಡಿಮೆ ಅಷ್ಟೇ ಬಾಗಿದ್ದು ಬೆಳಕು ಬಂದ ದಿಕ್ಕಿನಲ್ಲೇ ದಾಟಿಹೋಗುತ್ತದೆ; ಮೈನಸ್ 6ರಲ್ಲಿ ಹಿಂಬದಿ 14 ಡಯಾಪ್ಟರಿನಷ್ಟು ಆಳಕ್ಕೆ ತೋಡಿರಬೇಕಾಗುತ್ತದೆ, ಅದರ ತ್ರಿಜ್ಯ ಸುಮಾರು 38 ಮಿಲಿಮೀಟರ್. ಪವರಿಲ್ಲದ ಪ್ರದರ್ಶನದ ಗಾಜನ್ನು ಅಂಗಡಿಯಲ್ಲಿ ಹಾಕಿನೋಡಿ ಮೆಚ್ಚಿ, ಅದೇ ಫ್ರೇಮಿಗೆ ಪವರ್ ಹಾಕಿಸುವವರಿಗೆ ಈ ವ್ಯತ್ಯಾಸ ತಿಳಿಯುವುದು ಕನ್ನಡಕ ಕೈಸೇರಿದ ಮೇಲೆಯೇ.

ಕಾಂಡಗಳು ಬಾಗಿ ಕಾಣುವುದರ ಕಾರಣ ಬೇರೆ. ಗಾಜಿನ ದ್ಯುತಿಕೇಂದ್ರದಿಂದ, ಎಂದರೆ ಬೆಳಕು ಬಾಗದೆ ದಾಟುವ ಬಿಂದುವಿನಿಂದ, ದೂರ ಹೋದಷ್ಟೂ ಗಾಜು ಪ್ರಿಸಂನಂತೆ ಬೆಳಕನ್ನು ಪಕ್ಕಕ್ಕೆ ತಿರುಗಿಸುತ್ತದೆ. ಮೈನಸ್ 6ರ ಗಾಜಿನಲ್ಲಿ ಕೇಂದ್ರದಿಂದ 25 ಮಿಲಿಮೀಟರ್ ಆಚೆಯ ಬಿಂದುವಿನ ಮೂಲಕ ನೋಡಿದರೆ ಒಂದು ಮೀಟರ್ ದೂರದ ವಸ್ತು ಸುಮಾರು 15 ಸೆಂಟಿಮೀಟರ್ ಸರಿದು ಕಾಣುತ್ತದೆ. ಈ ಸರಿತ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತ ಹೋದರೆ ಚಿತ್ರ ಚಿಕ್ಕದಾಗುತ್ತಿತ್ತೇ ಹೊರತು ಸೊಟ್ಟಗಾಗುತ್ತಿರಲಿಲ್ಲ; ಅಂಚಿನತ್ತ ಅದು ಪ್ರಮಾಣಕ್ಕೂ ಮೀರಿ ಬೆಳೆಯುವುದರಿಂದ ಸಾಲಾಗಿ ನೆಟ್ಟ ಅಡಿಕೆ ಮರಗಳಲ್ಲಿ ನೋಟದ ಬದಿಗೆ ಬಿದ್ದವು ಹಂಡೆಯ ಮೈಯಂತೆ ನಡುವಿನಲ್ಲಿ ಹೊರಕ್ಕೆ ಉಬ್ಬುತ್ತವೆ. ಪ್ಲಸ್ ಪವರಿನವರಿಗೆ ಇದರ ವಿಲೋಮ, ಡಮರುವಿನ ನಡುವಿನಂತೆ ಒಳಕ್ಕೆ ಸೊರಗಿದ ಮರಗಳು. ಅಡಿಕೆ ತೋಟದಷ್ಟು ನೇರಗೆರೆಗಳು ತುಂಬಿದ ಜಾಗ ಇನ್ನೊಂದಿಲ್ಲವಾದುದರಿಂದ ಪೇಟೆಯಲ್ಲಿ ತಿಳಿಯದ ದೋಷ ಇಲ್ಲಿ ಎದ್ದು ಕಾಣುವುದರಲ್ಲಿ ಆಶ್ಚರ್ಯವಿಲ್ಲ. ದಿನನಿತ್ಯದ ಸಣ್ಣ ಕನ್ನಡಕದಲ್ಲೂ ಈ ಬಾಗು ಇದೆ, ಆದರೆ ಅಲ್ಲಿ ಕೇಂದ್ರದಿಂದ ಅಷ್ಟು ದೂರದವರೆಗೆ ಗಾಜೇ ಇರುವುದಿಲ್ಲ.

ತೆಳು ಗಾಜು, ಎಂದರೆ ‘ಹೈ ಇಂಡೆಕ್ಸ್’ ಗಾಜು ಹಾಕಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಗೆ ಬಹಳ ಹಣ ಖರ್ಚಾಗುತ್ತದೆ. ದೊಡ್ಡ ಬಾಗಿದ ಫ್ರೇಮಿನಲ್ಲಿ ದ್ಯುತಿಕೇಂದ್ರದಿಂದ ಕಿವಿಯ ಬದಿಯ ಅಂಚಿಗೆ 38 ಮಿಲಿಮೀಟರ್ ಇರಬಹುದು. ಸಾಧಾರಣ ಪ್ಲಾಸ್ಟಿಕ್ಕಿನಲ್ಲಿ ಅಲ್ಲಿನ ದಪ್ಪ 10 ಮಿಲಿಮೀಟರನ್ನು ದಾಟುತ್ತದೆ, 1.67 ಸೂಚ್ಯಂಕದ ಗಾಜಿನಲ್ಲಿ ಸಾಕಷ್ಟು ಇಳಿಯುತ್ತದೆ. ತೂಕ, ಅಂದ ಎರಡಕ್ಕೂ ಇದು ಲಾಭವೇ. ಆದರೆ ಪವರ್ ಅಷ್ಟೇ, ಓರೆ ಅಷ್ಟೇ, ಪ್ರಿಸಂ ಪರಿಣಾಮವೂ ಅಷ್ಟೇ. ಮೇಲಾಗಿ ಹೊಸದೊಂದು ದೋಷ ಸೇರುತ್ತದೆ. ಬೆಳಕಿನ ಬಣ್ಣಗಳನ್ನು ಗಾಜು ಎಷ್ಟು ಕಡಿಮೆ ಚದುರಿಸುತ್ತದೆ ಎಂಬುದನ್ನು ಅಬ್ಬೆ ಸಂಖ್ಯೆಯಿಂದ ಹೇಳುತ್ತಾರೆ: ಸಾಧಾರಣ ಪ್ಲಾಸ್ಟಿಕ್ಕಿಗೆ 58, 1.67ರ ಗಾಜಿಗೆ 32ರ ಆಸುಪಾಸು, ಪಾಲಿಕಾರ್ಬೊನೇಟಿಗೆ 30. ಸಂಖ್ಯೆ ಇಳಿದಂತೆ ಅಂಚಿನಲ್ಲಿ ಬಣ್ಣದ ಸೆರಗು ಹೆಚ್ಚುತ್ತದೆ, ಬಿಳಿ ಆಕಾಶದ ಎದುರಿನ ಸೋಗೆಯ ಗರಿಗಳಿಗೆ ಒಂದು ಬದಿಯಲ್ಲಿ ನೀಲಿ, ಇನ್ನೊಂದು ಬದಿಯಲ್ಲಿ ಹಳದಿ ಗೆರೆ ಕಾಣಬಹುದು. ಹಾಗೆಂದು ಹುಲ್ಲು ತೆಗೆಯುವ ಯಂತ್ರ ಹಿಡಿಯುವವರು ಪಾಲಿಕಾರ್ಬೊನೇಟನ್ನು ಬಿಡುವಂತಿಲ್ಲ, ಏಕೆಂದರೆ ಪೆಟ್ಟು ತಡೆಯುವ ಗುಣದಲ್ಲಿ ಅದು ಸಾಧಾರಣ ಪ್ಲಾಸ್ಟಿಕ್ಕಿಗಿಂತ ಬಹಳ ಮೇಲು.

ಪೋಲರೈಸ್ಡ್ ಗಾಜು ಈ ಬಾಗನ್ನು ತೆಗೆಯುತ್ತದೆ ಎಂಬುದೂ, ಗಾಜು ಕಪ್ಪಾದಷ್ಟೂ ರಕ್ಷಣೆ ಹೆಚ್ಚು ಎಂಬುದೂ ಹೆಚ್ಚು ಮಾತು ಬೇಡದ ತಪ್ಪುಗಳು: ಪೋಲರೈಸ್ಡ್ ಗಾಜು ಒದ್ದೆ ರಸ್ತೆಯ ಮತ್ತು ನೀರಿನ ಮೇಲಿನ ಪ್ರತಿಫಲನವನ್ನು ತಗ್ಗಿಸುತ್ತದೆ, ಅಷ್ಟೇ; ಅತಿನೇರಳೆ ಕಿರಣವನ್ನು ತಡೆಯುವುದು ಗಾಜಿನ ಪದಾರ್ಥ ಮತ್ತು ಲೇಪನವೇ ಹೊರತು ಬಣ್ಣವಲ್ಲ, ಬಣ್ಣವಿಲ್ಲದ ಪಾಲಿಕಾರ್ಬೊನೇಟೂ ಅದರ ಬಹುಪಾಲನ್ನು ತಡೆಯುತ್ತದೆ. ಇಂಥ ಕನ್ನಡಕ ಹಾಕಿದರೆ ನಂಬರ್ ಏರುತ್ತದೆ ಎಂಬ ಭಯಕ್ಕೂ ವಯಸ್ಕರ ಮಟ್ಟಿಗೆ ಆಧಾರವಿಲ್ಲ. ತಲೆನೋವು, ತಲೆಸುತ್ತು, ಮೆಟ್ಟಿಲು ಇಳಿಯುವಾಗ ಹೆಜ್ಜೆ ತಪ್ಪುವುದು ಇವೆಲ್ಲ ನಿಜವಾದರೂ ಕನ್ನಡಕ ತೆಗೆದಿಟ್ಟ ಮೇಲೆ ಸರಿಹೋಗುವಂಥವು.

‘ನಾಲ್ಕು ದಿನ ಹಾಕಿದರೆ ಅಭ್ಯಾಸವಾಗುತ್ತದೆ’ ಎಂಬ ಮಾತನ್ನು ಮಾತ್ರ ಸಾರಾಸಗಟಾಗಿ ಸುಳ್ಳೆನ್ನುವಂತಿಲ್ಲ. ಗೆರೆಗಳು ಬಾಗುವುದಕ್ಕೂ ನೆಲ ತೇಲುವುದಕ್ಕೂ ಮಿದುಳು ಕೆಲವು ದಿನಗಳಲ್ಲಿ ಒಗ್ಗಿಕೊಳ್ಳುವುದುಂಟು. ಓರೆಯಿಂದ ಹುಟ್ಟಿದ ಸಿಲಿಂಡರಿನ ಮಸುಕಿಗೆ ಒಗ್ಗುವುದೆಂದರೆ ಮಸುಕನ್ನು ಸಹಿಸುವುದೆಂದೇ ಅರ್ಥ. ಈ ಮಸುಕು ಹೋಗಬೇಕಾದರೆ ಓರೆಯ ಲೆಕ್ಕ ಹಿಡಿದು ಗಾಜು ಕಡೆಯಿಸಬೇಕು. ಅದಕ್ಕಾಗಿ ಅಂಗಡಿಯವರು ಫ್ರೇಮನ್ನು ಮುಖದ ಮೇಲಿಟ್ಟೇ ಓರೆಯ ಕೋನ, ಕಣ್ಣಿನಿಂದ ಗಾಜಿಗಿರುವ ದೂರ, ಪ್ರತಿ ಕಣ್ಣಿನ ಪಾಪೆಯ ಸ್ಥಾನ ಇವನ್ನು ಅಳೆಯಬೇಕು. ಈ ಅಳತೆಗಳನ್ನು ತೆಗೆಯದ ಕಡೆ ಬಾಗಿದ ಫ್ರೇಮಿಗೆ ಮೈನಸ್ 6 ಹಾಕಿಸದಿರುವುದೇ ಲೇಸು. ಕಡಿಮೆ ಖರ್ಚಿನ ದಾರಿಗಳೂ ಇವೆ: 6 ಡಯಾಪ್ಟರಿಗಿಂತ ಕಡಿಮೆ ಬಾಗಿದ, ಕಿರಿದಾದ ಗಾಜಿನ ಫ್ರೇಮು, ಬಾಗಿದ ಹೊರಗಾಜಿನ ಹಿಂದೆ ಸಿಕ್ಕಿಸುವ ಸಣ್ಣ ಪವರ್ ಗಾಜಿನ ಒಳಫ್ರೇಮು, ಇರುವ ಕನ್ನಡಕದ ಮೇಲೆಯೇ ಹಾಕಿಕೊಳ್ಳುವ ಅಗಲದ ಕೂಲಿಂಗ್ ಗ್ಲಾಸ್. ಕಾಂಟಾಕ್ಟ್ ಲೆನ್ಸ್ ಕಣ್ಣಿನೊಂದಿಗೇ ತಿರುಗುವುದರಿಂದ ಅಂಚಿನ ಪ್ರಶ್ನೆಯೇ ಏಳದು, ಆದರೆ ಮಣ್ಣಿನ ಕೈಯ, ಮದ್ದಾಗಿ ಬಿಡುವ ಬೋರ್ಡೋ ದ್ರಾವಣ ತೊಟ್ಟಿಕ್ಕುವ ತೋಟದ ಕೆಲಸಕ್ಕೆ ಅದು ತಕ್ಕುದಲ್ಲ. ದೋಟಿ ಹಿಡಿದು ಮೇಲೆ ನೋಡುವವನು ಕಣ್ಣನ್ನಷ್ಟೇ ಮೇಲೆತ್ತದೆ ಮುಖವನ್ನೇ ಎತ್ತಿದರೆ ನೋಟ ಗಾಜಿನ ಕೇಂದ್ರದ ಬಳಿಯಲ್ಲೇ ಹಾದುಹೋಗುತ್ತದೆ. ಕುತ್ತಿಗೆ ಒಪ್ಪುವಷ್ಟು ಹೊತ್ತು.