ಒಲೆ ಹಚ್ಚದ ಪಾತ್ರೆ ಪಾರ್ಟಿ

ಬನಶಂಕರಿ ಎರಡನೇ ಹಂತದಲ್ಲಿ ಮೊದಲ ಮಹಡಿಯ ಒಂದು ಮನೆ. ಶನಿವಾರ ಸಂಜೆ ನಾಲ್ಕು ಗಂಟೆ. ಮೆಟ್ಟಿಲ ಬುಡದಲ್ಲಿ ಬಿಟ್ಟ ಚಪ್ಪಲಿಗಳನ್ನು ನೋಡಿದರೆ ಅರಿಶಿನ ಕುಂಕುಮಕ್ಕೆ ಕರೆದಿದ್ದಾರೇನೋ ಅನ್ನಿಸುತ್ತದೆ. ಒಳಗೆ ದಿವಾನದ ಮೇಲೆ ಬಣ್ಣಬಣ್ಣದ ಡಬ್ಬಿಗಳು, ಟೀಪಾಯಿಯ ಮೇಲೆ ತವಾ, ಕಡಾಯಿ, ಕುಕ್ಕರ್. ಅಡುಗೆಮನೆಯ ಬಾಗಿಲು ಮುಂದಕ್ಕೆ ಎಳೆದಿದೆ. ಒಗ್ಗರಣೆಯ ವಾಸನೆಯ ಸುಳಿವೂ ಇಲ್ಲ.

‘ಮಾಡಿ ತೋರಿಸೋದು ಬಿಟ್ಟೇಬಿಟ್ಟೆ ಕಣ್ರೀ’ ಅಂದರು ಪಾತ್ರೆ ಮಾರಲು ತಂದಿದ್ದ ಮಹಿಳೆ. ಒಬ್ಬರಿಗೆ ಈರುಳ್ಳಿ ಬೆಳ್ಳುಳ್ಳಿ ಆಗದು, ಇನ್ನೊಬ್ಬರಿಗೆ ಶನಿವಾರ ಒಪ್ಪತ್ತು. ದೋಸೆ ಹುಯ್ದು ತೋರಿಸೋಣವೆಂದರೆ ಹಿಟ್ಟು ಆ ಮನೆಯದು. ಅದು ಸರಿಯಾಗಿ ಹುದುಗದೆ ದೋಸೆ ಏಳದಿದ್ದರೂ ಬೈಸಿಕೊಳ್ಳುವುದು ತವಾ. ‘ದೋಸೆ ಚೆನ್ನಾಗಿ ಬಂದ್ರೆ ಇನ್ನೂ ಕಷ್ಟ. ಎಲ್ಲರೂ ಹಿಟ್ಟಿನ ಅಳತೆ ಕೇಳಿ ಬರ್ಕೊಂಡು ಹೋಗ್ತಾರೆ, ತವಾ ನನ್ ಕೈಲೇ ಉಳಿಯುತ್ತೆ!’

ಹಾಗೆ ನೋಡಿದರೆ ಮನೆ ಪಾರ್ಟಿಯ ಈ ವ್ಯಾಪಾರ ಹೆಸರು ಮಾಡಿದ್ದೇ ಒಲೆ ಇಲ್ಲದೆ. ಅಮೆರಿಕದ ಅರ್ಲ್ ಟಪ್ಪರ್ 1946ರಲ್ಲಿ ತನ್ನ ಪ್ಲಾಸ್ಟಿಕ್ ಡಬ್ಬಿಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಅಂಗಡಿಗಳಲ್ಲಿ ಅವು ಹೇಳಿಕೊಳ್ಳುವಷ್ಟು ಹೋಗಲಿಲ್ಲ. ಮುಚ್ಚಳ ಒತ್ತಿ, ಅಂಚು ಸ್ವಲ್ಪ ಎತ್ತಿ ಗಾಳಿ ಬಿಡುವ ಕ್ರಮವನ್ನು ಯಾರಾದರೂ ಎದುರಿಗೇ ತೋರಿಸಬೇಕಿತ್ತು. ಬ್ರೌನಿ ವೈಸ್ ಎಂಬಾಕೆ ಅದನ್ನು ಮನೆಗಳ ಹಾಲ್‌ಗೆ ತಂದರು. ದ್ರವ ತುಂಬಿದ ಬಟ್ಟಲನ್ನು ಕೋಣೆಯ ಆಚೆಗೆ ಎಸೆದು, ಚೆಲ್ಲಲಿಲ್ಲ ನೋಡಿ ಎನ್ನುತ್ತಿದ್ದರಂತೆ. 1951ರಲ್ಲಿ ಟಪ್ಪರ್‌ವೇರ್ ಕಂಪನಿ ಅಂಗಡಿಗಳನ್ನೇ ಬಿಟ್ಟು ಮನೆ ಪಾರ್ಟಿಗಳನ್ನು ನೆಚ್ಚಿಕೊಂಡಿತು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟದಲ್ಲಿ ಬಂದ ಮೊದಲ ಮಹಿಳೆ ಈಕೆ. 1958ರಲ್ಲಿ ಅದೇ ಕಂಪನಿ ಈಕೆಯನ್ನು ಹೊರಗೆ ಕಳಿಸಿತು. ಟಪ್ಪರ್‌ವೇರ್ ನಮ್ಮ ದೇಶಕ್ಕೆ ಬಂದದ್ದು 1996ರಲ್ಲಿ. 2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಆ ಮೂಲ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಪಾರ್ಟಿಯ ರೂಢಿ ಮಾತ್ರ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಇನ್ನೂ ನಡೆದಿದೆ.

ಇಲ್ಲಿ ಎಸೆತವಿಲ್ಲ. ಟೀಪಾಯಿಯ ಮೇಲೆ ಹಳೇ ಪೇಪರ್ ಹಾಸಿ, ಡಬ್ಬಿಗೆ ನೀರು ತುಂಬಿ, ಮುಚ್ಚಳ ಒತ್ತಿ ತಲೆಕೆಳಗು ಹಿಡಿದರು. ಪೇಪರ್ ಒಣಗಿಯೇ ಇತ್ತು. ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿ ಸೋಲಲಿಲ್ಲ: ‘ನೀರು ಸರಿಯಮ್ಮ, ಬಿಸಿ ಸಾರು ಹಾಕಿದ್ರೆ?’ ಮಾರುವವರು ಮುಚ್ಚುಮರೆ ಮಾಡಲಿಲ್ಲ. ಬಿಸಿಯದ್ದನ್ನು ಹಾಕಿ ಬಿಗಿದರೆ ಆವಿ ಮುಚ್ಚಳವನ್ನು ಎತ್ತಿಬಿಡುತ್ತದೆ, ಆರಿದ ಮೇಲೆ ಹಾಕಿ ಎಂದರು. ಅರಿಶಿನದ ಕಲೆ ಪ್ಲಾಸ್ಟಿಕ್ಕಿಗೆ ಹತ್ತಿದರೆ ಹೋಗುವುದು ಕಷ್ಟ ಅಂತಲೂ ಒಪ್ಪಿಕೊಂಡರು. ಅಜ್ಜಿ ತಲೆಯಾಡಿಸಿ, ‘ಹಂಗಾದ್ರೆ ಹುಳಿಗೆ ನಮ್ ಸ್ಟೀಲ್ ಡಬ್ಬಿನೇ’ ಅಂದರು.

ನನಗೆ ಇಷ್ಟವಾದದ್ದು ತವಾದ ಸರದಿ. ಮನೆಯ ಹುಡುಗನ ಸ್ಕೇಲ್ ತರಿಸಿ ತವಾದ ತಳಕ್ಕೆ ಅಡ್ಡ ಇಟ್ಟು ಬೆಳಕಿಗೆ ಹಿಡಿದರು. ನಡುವೆ ಸಂದು ಕಂಡರೆ ತಳ ಸಮವಿಲ್ಲ ಎಂದರ್ಥ. ಫ್ರಿಜ್ ಬಾಗಿಲಿನ ಆಯಸ್ಕಾಂತದ ಗೊಂಬೆಯನ್ನು ಕಿತ್ತು ತಂದು ತಳಕ್ಕೆ ಅಂಟಿಸಿದರು. ಅಂಟದ ತಳ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ಆಮೇಲೆ ತವಾ ಕೈಯಿಂದ ಕೈಗೆ ಸುತ್ತಿತು. ಒಬ್ಬರು ಹಿಡಿಯ ಸ್ಕ್ರೂ ಅಲ್ಲಾಡಿಸಿದರು, ಇನ್ನೊಬ್ಬರು ಒಂದೇ ಕೈಯಲ್ಲಿ ಎತ್ತಿ ಭಾರ ನೋಡಿದರು. ಕುಕ್ಕರಿನಲ್ಲಿ ಐಎಸ್‌ಐ ಗುರುತು ಹುಡುಕಿದವರೂ ಇದ್ದರು. ಮನೆಬಳಕೆಯ ಕುಕ್ಕರಿಗೆ ಆ ಗುರುತು ಈಗ ಕಡ್ಡಾಯ. ಅಡುಗೆ ನಡೆಯುತ್ತಿದ್ದರೆ ಇಷ್ಟೆಲ್ಲ ಪರೀಕ್ಷೆಗೆ ಯಾರಿಗೂ ವ್ಯವಧಾನ ಇರುತ್ತಿರಲಿಲ್ಲ. ಘಮ ಎದ್ದರೆ ನಾಲಿಗೆಯದೇ ತೀರ್ಪು. ಪಾತ್ರೆಯನ್ನು ಯಾರೂ ತಿರುಗಿಸಿ ನೋಡುವುದಿಲ್ಲ.

ತಿಂಡಿ ಇತ್ತು. ಕಾಂಡಿಮೆಂಟ್ಸಿನಿಂದ ತಂದ ಕೋಡುಬಳೆ ಮತ್ತು ನಿಪ್ಪಟ್ಟು, ಮಾರಾಟದ ಡಬ್ಬಿಗಳಲ್ಲೇ ಬಡಿಸಿದ್ದು! ಕಾಫಿ ಬಂದ ಮೇಲೆ ಆರ್ಡರ್ ಪುಸ್ತಕ ತೆರೆಯಿತು. ಪಾರ್ಟಿಯ ನಿಜವಾದ ಇಂಧನ ಇಲ್ಲಿದೆ. ಮಾರಾಟ ಹೆಚ್ಚಾದಷ್ಟೂ ಮನೆಯೊಡತಿಗೆ ಉಡುಗೊರೆ ದೊಡ್ಡದು. ಅದು ಬಂದವರಿಗೆಲ್ಲ ಗೊತ್ತು. ಅವರ ಮನೆಯ ಕಾಫಿ ಕುಡಿದು ಬರಿಗೈಲಿ ಏಳಲು ಸಂಕೋಚ. ಬೇಡದ ಉಪ್ಪಿನಕಾಯಿ ಡಬ್ಬಿಯೊಂದನ್ನು ‘ಇರಲಿ ಬಿಡಿ, ಒಂದು ಬರ್ಕೊಳ್ಳಿ’ ಎಂದವರನ್ನು ನೋಡಿದೆ. ಅಜ್ಜಿ ಮಾತ್ರ ಏನೂ ಬರೆಸಲಿಲ್ಲ, ಎರಡನೇ ಲೋಟ ಕಾಫಿ ಕೇಳಿದರು. ಅವರ ಮೇಲೆ ಯಾರೂ ಮುನಿಸಿಕೊಳ್ಳಲಿಲ್ಲ.

ನೀವೂ ಇಂಥ ಪಾರ್ಟಿ ಇಟ್ಟುಕೊಳ್ಳುವುದಾದರೆ ಕರೆಯುವಾಗಲೇ ‘ತಗೊಳ್ಳಲೇಬೇಕು ಅಂತಿಲ್ಲ’ ಎಂದು ಹೇಳಿಬಿಡಿ, ಸ್ಕೇಲ್ ಮತ್ತು ಆಯಸ್ಕಾಂತ ಕೈಗೆ ಸಿಗುವಂತಿರಲಿ. ಕೊಳ್ಳುವವರು ಬಿಲ್ ಕೇಳಿ ಪಡೆಯಿರಿ. ನೇರ ಮಾರಾಟಕ್ಕೆ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ, ಮಾರುವವರು ಗುರುತಿನ ಚೀಟಿ ಇಲ್ಲದೆ, ಮುಂಚಿತವಾಗಿ ಒಪ್ಪಿಗೆ ಪಡೆಯದೆ ಗ್ರಾಹಕರ ಮನೆಗೆ ಬರುವಂತಿಲ್ಲ. ಪಾತ್ರೆಯ ಮಾತು ಬಿಟ್ಟು ‘ನೀವೂ ಸೇರಿ, ಇನ್ನಿಬ್ಬರನ್ನು ಸೇರಿಸಿ’ ಎಂಬ ಲೆಕ್ಕ ಶುರುವಾದರೆ ಕಾಫಿ ಮುಗಿಸಿ ಎದ್ದು ಬನ್ನಿ. ಜನರನ್ನು ಸೇರಿಸಿದ್ದಕ್ಕೆ ಹಣ ಕೊಡುವ ಪಿರಮಿಡ್ ಯೋಜನೆಗಳನ್ನು ಅದೇ ನಿಯಮಗಳು ನಿಷೇಧಿಸಿವೆ.