ಗ್ರಾಮೀಣ ಮನೆಯಲ್ಲಿ ತುರ್ತು ಸನ್ನದ್ಧತೆ: ಎಲ್ಲಿಂದ ಆರಂಭಿಸಬೇಕು?

ವಿಪತ್ತು ಎಂದೊಡನೆ ಪ್ರವಾಹ, ಭೂಕಂಪ, ಚಂಡಮಾರುತಗಳು ನೆನಪಿಗೆ ಬರುವುದು ಸಹಜ. ಆದರೆ ಕೃಷ್ಣರಾಜಪೇಟೆ, ನಾಗಮಂಗಲ, ಪಾಂಡವಪುರ ಮತ್ತು ಶ್ರೀರಂಗಪಟ್ಟಣ ತಾಲ್ಲೂಕುಗಳ ರೈತ ಕುಟುಂಬಗಳಿಗೆ ಎದುರಾಗುವ ತುರ್ತು ಸಂದರ್ಭಗಳು ಹೆಚ್ಚಾಗಿ ಬೇರೆ ಬಗೆಯವು. ರಾತ್ರಿ ನೀರು ಹಾಯಿಸಲು ಹೋದವರಿಗೆ ಹಾವು ಕಚ್ಚುವುದು, ಮುಂಗಾರು ಪೂರ್ವ ಮಳೆಯಲ್ಲಿ ಸಿಡಿಲು ಬಡಿಯುವುದು, ಪಂಪ್‌ಸೆಟ್ಟಿನ ಬಳಿ ವಿದ್ಯುತ್ ಆಘಾತವಾಗುವುದು, ಹುಲ್ಲಿನ ಮೆದೆಗೆ ಬೆಂಕಿ ಬೀಳುವುದು, ಕೆರೆ ಅಥವಾ ನಾಲೆಗೆ ಜಾರಿ ಬೀಳುವುದು ಇವುಗಳಲ್ಲಿ ಮುಖ್ಯವಾದವು. ಇವು ಒಂದೊಂದು ಮನೆಯನ್ನು ಪ್ರತ್ಯೇಕವಾಗಿ ಬಾಧಿಸುವುದರಿಂದ ಸುದ್ದಿಯಾಗುವುದು ಕಡಿಮೆ. ನೆರವು ತಲುಪುವ ಮುನ್ನ ಮೊದಲ ಒಂದು ಗಂಟೆಯಲ್ಲಿ ಮನೆಯವರು ಏನು ಮಾಡುತ್ತಾರೆ ಎಂಬುದೇ ಇಂತಹ ಸಂದರ್ಭಗಳಲ್ಲಿ ಜೀವ ಉಳಿಸುತ್ತದೆ. ಆದ್ದರಿಂದ ಸನ್ನದ್ಧತೆಯನ್ನು ಮನೆಯಿಂದಲೇ, ಕಡಿಮೆ ಖರ್ಚಿನಲ್ಲಿ ಆರಂಭಿಸುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮನೆಯ ಸುತ್ತಲಿನ ಅಪಾಯಗಳನ್ನು ಗುರುತಿಸುವುದು

ಎಲ್ಲ ಮನೆಗಳಿಗೂ ಒಂದೇ ಬಗೆಯ ಅಪಾಯವಿರುವುದಿಲ್ಲ. ಹೇಮಾವತಿ ಮತ್ತು ಕಾವೇರಿ ನದಿಗಳ ದಡದ ಜಮೀನುಗಳಿಗೆ ನೆರೆಯ ಭಯವಿದೆ. ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ. ಜಲಾಶಯ ತುಂಬಿದ ನಂತರ ಒಳಹರಿವು ಹೆಚ್ಚಿದರೆ ನೀರನ್ನು ನದಿಗೆ ಬಿಡುವುದು ಅನಿವಾರ್ಯ. 2018, 2019 ಮತ್ತು 2024ರ ಮಳೆಗಾಲಗಳಲ್ಲಿ ಒಂದು ಲಕ್ಷ ಕ್ಯೂಸೆಕ್‌ಗೂ ಹೆಚ್ಚು ನೀರು ಹೊರಬಿಟ್ಟಾಗ ಶ್ರೀರಂಗಪಟ್ಟಣದ ಸುತ್ತಲಿನ ತಗ್ಗು ಪ್ರದೇಶಗಳು ಜಲಾವೃತವಾದವು.

ಪಂಚಲಿಂಗೇಶ್ವರ ದೇವಾಲಯಕ್ಕೆ ಹೆಸರಾದ ಗೋವಿಂದನಹಳ್ಳಿಯಂತಹ, ನದಿಯಿಂದ ದೂರವಿರುವ ಗ್ರಾಮಗಳಲ್ಲಿ ಗಮನಿಸಬೇಕಾದುದು ಕೆರೆ ಏರಿ, ಹಳ್ಳ, ವಿದ್ಯುತ್ ತಂತಿ, ಹಳೆಯ ಮಣ್ಣಿನ ಗೋಡೆ ಮತ್ತು ಹುಲ್ಲಿನ ಮೆದೆಗಳನ್ನು. ಇದರ ಜೊತೆಗೆ ಬರಗಾಲವೂ ಒಂದು ವಿಪತ್ತೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಗಿತ್ತು.

ಮನೆಯ ಹಿರಿಯರು ಮತ್ತು ಮಕ್ಕಳು ಒಟ್ಟಿಗೆ ಮನೆ, ಕೊಟ್ಟಿಗೆ, ಕಣ, ಪಂಪ್‌ಹೌಸ್ ಹಾಗೂ ಅವುಗಳ ನಡುವಿನ ದಾರಿಯಲ್ಲಿ ಒಮ್ಮೆ ನಡೆದು, ಕಂಡ ಅಪಾಯಗಳನ್ನು ಒಂದು ಹಾಳೆಯಲ್ಲಿ ಬರೆಯಬೇಕು. ಅವುಗಳಲ್ಲಿ ಪದೇ ಪದೇ ಸಂಭವಿಸಬಹುದಾದ ಮೂರನ್ನು ಆರಿಸಿ ಮೊದಲು ಸರಿಪಡಿಸಬೇಕು.

ಮೊದಲ ವಾರದಲ್ಲಿ ಮಾಡಬೇಕಾದ ಮೂರು ಕೆಲಸಗಳು

1. ದೂರವಾಣಿ ಸಂಖ್ಯೆಗಳನ್ನು ಗೋಡೆಯ ಮೇಲೆ ಬರೆಯುವುದು. ಮೊಬೈಲ್‌ನಲ್ಲಿರುವ ಸಂಖ್ಯೆ ಚಾರ್ಜ್ ಮುಗಿದಾಗ ದೊರೆಯುವುದಿಲ್ಲ; ಮನೆಯಲ್ಲಿ ಒಬ್ಬರೇ ಉಳಿದ ವೃದ್ಧರಿಗೆ ಅದನ್ನು ಹುಡುಕಲೂ ಆಗದು. ಬಾಗಿಲ ಪಕ್ಕದಲ್ಲಿ ದೊಡ್ಡ ಅಂಕಿಗಳಲ್ಲಿ ಈ ಸಂಖ್ಯೆಗಳನ್ನು ಬರೆಯಬೇಕು: ತುರ್ತು ನೆರವು 112, ಆಂಬುಲೆನ್ಸ್ 108, ಅಗ್ನಿಶಾಮಕ 101, ವಿದ್ಯುತ್ ದೂರು 1912, ಅಡುಗೆ ಅನಿಲ ಸೋರಿಕೆ 1906, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿ 1077, ಪಶು ಚಿಕಿತ್ಸೆ 1962. ಇವುಗಳ ಕೆಳಗೆ ಗ್ರಾಮದ ಲೈನ್‌ಮ್ಯಾನ್, ಆಶಾ ಕಾರ್ಯಕರ್ತೆ ಮತ್ತು ರಾತ್ರಿ ವೇಳೆಯಲ್ಲಿ ವಾಹನ ಕೊಡಬಲ್ಲ ಇಬ್ಬರು ನೆರೆಯವರ ಸಂಖ್ಯೆಗಳಿರಲಿ. ತೋಟದ ಮನೆಯಾದರೆ ಆಂಬುಲೆನ್ಸ್ ಚಾಲಕರಿಗೆ ದಾರಿ ಹೇಳಲು ಅನುಕೂಲವಾಗುವ ಗುರುತನ್ನೂ ಬರೆಯಬೇಕು.

2. ಒಂದು ತುರ್ತು ಚೀಲ ಸಿದ್ಧಪಡಿಸುವುದು. ಟಾರ್ಚ್, ಹೆಚ್ಚುವರಿ ಸೆಲ್, ಪವರ್ ಬ್ಯಾಂಕ್, ಬೆಂಕಿಪೊಟ್ಟಣ, ಶುಭ್ರ ಬಟ್ಟೆ, ಬ್ಯಾಂಡೇಜ್, ಓಆರ್‌ಎಸ್ ಪೊಟ್ಟಣ, ನಿತ್ಯ ಸೇವಿಸುವ ಬಿಪಿ ಹಾಗೂ ಸಕ್ಕರೆ ಕಾಯಿಲೆಯ ಔಷಧಿಗಳ ಒಂದು ವಾರದ ದಾಸ್ತಾನು, ಹಗ್ಗ, ಚಾಕು ಮತ್ತು ಸ್ವಲ್ಪ ನಗದು ಇದರಲ್ಲಿರಬೇಕು. ಹುರಿಗಡಲೆ, ಅವಲಕ್ಕಿ, ಬೆಲ್ಲ ಬೇಯಿಸದೆ ತಿನ್ನಬಹುದಾದ, ಕೆಡದ ಆಹಾರ.

3. ದಾಖಲೆಗಳನ್ನು ಒಂದೆಡೆ ಸೇರಿಸುವುದು. ಪಹಣಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಆರೋಗ್ಯ ಕಾರ್ಡ್, ಬೆಳೆ ವಿಮೆಯ ರಸೀದಿ, ಫ್ರೂಟ್ಸ್ ಗುರುತಿನ ಸಂಖ್ಯೆ ಮತ್ತು ರಾಸುಗಳ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯನ್ನು ನೀರು ನುಸುಳದ ಕವರಿನಲ್ಲಿಟ್ಟು ಎತ್ತರದ ಸ್ಥಳದಲ್ಲಿರಿಸಬೇಕು. ಅವುಗಳ ಛಾಯಾಚಿತ್ರ ತೆಗೆದು ಬೇರೆ ಊರಿನ ಮಕ್ಕಳಿಗೆ ಅಥವಾ ಬಂಧುಗಳಿಗೆ ಕಳುಹಿಸಿಡುವುದು ಸೂಕ್ತ. ಪರಿಹಾರದ ಹಣ ಫ್ರೂಟ್ಸ್ ದತ್ತಾಂಶದ ಆಧಾರದ ಮೇಲೆ ಪಾವತಿಯಾಗುವುದರಿಂದ, ಎಲ್ಲ ಸರ್ವೆ ನಂಬರ್‌ಗಳೂ ಅದರಲ್ಲಿ ಸೇರಿವೆಯೇ ಎಂಬುದನ್ನು ರೈತ ಸಂಪರ್ಕ ಕೇಂದ್ರದಲ್ಲಿ ಮುಂಚಿತವಾಗಿ ಪರಿಶೀಲಿಸಬೇಕು.

ಹಾವು ಕಡಿತ

ಈ ಭಾಗದ ರೈತರು ಎಚ್ಚರದಿಂದಿರಬೇಕಾದ ವಿಷಕಾರಿ ಹಾವುಗಳು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸ ಮಂಡಲ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರವು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು.

ಕಟ್ಟುಹಾವು ಸಾಮಾನ್ಯವಾಗಿ ರಾತ್ರಿ ವೇಳೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಊತ ಬಹಳ ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು ಕಂಡುಬಂದರೆ ಕಡಿದ ಗುರುತು ಕಾಣದಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮಂಚದ ಮೇಲೆ, ಸೊಳ್ಳೆಪರದೆಯನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಮಲಗುವುದರಿಂದ ಇಂತಹ ಕಡಿತವನ್ನು ಬಹುಮಟ್ಟಿಗೆ ತಡೆಯಬಹುದು. ರಾತ್ರಿ ಹೊಲಕ್ಕೆ ಹೋಗುವಾಗ ಗಂಬೂಟು, ಟಾರ್ಚ್ ಮತ್ತು ಕೋಲು ಇರಲೇಬೇಕು.

ಹಾವು ಕಚ್ಚಿದಾಗ:

• ವ್ಯಕ್ತಿಯನ್ನು ಮಲಗಿಸಿ ಧೈರ್ಯ ತುಂಬಬೇಕು, ನಡೆಸಬಾರದು.
• ಉಂಗುರ, ಬಳೆ, ಕಾಲುಂಗುರ, ವಾಚುಗಳನ್ನು ತೆಗೆಯಬೇಕು.
• ಕಡಿತವಾದ ಕೈ ಅಥವಾ ಕಾಲಿಗೆ ಮರದ ಪಟ್ಟಿ ಇಟ್ಟು ಅಲುಗಾಡದಂತೆ ಸಡಿಲವಾಗಿ ಕಟ್ಟಬೇಕು. ರಕ್ತಸಂಚಾರ ನಿಲ್ಲುವಂತೆ ಹಗ್ಗ ಬಿಗಿಯಬಾರದು.
• ಗಾಯವನ್ನು ಕೊಯ್ಯುವುದು, ಹೀರುವುದು, ನಾಟಿ ಔಷಧಿ ಹಚ್ಚುವುದು ಸಲ್ಲದು.
• ಹಾವನ್ನು ಹಿಡಿಯಲು ಅಥವಾ ಕೊಲ್ಲಲು ಸಮಯ ಕಳೆಯಬಾರದು. ಈ ನಾಲ್ಕೂ ಹಾವುಗಳ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷ ಒಂದೇ.
• ಕಚ್ಚಿದ ಸಮಯವನ್ನು ಬರೆದುಕೊಂಡು ವೈದ್ಯರಿಗೆ ತಿಳಿಸಬೇಕು.

ಪ್ರತಿವಿಷ ಎಲ್ಲಿ ಲಭ್ಯವಿದೆ ಎಂಬ ವಿಚಾರಣೆ ಕಡಿತವಾದ ಮೇಲೆ ಆರಂಭವಾಗಬಾರದು. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ದಾಸ್ತಾನಿದೆಯೇ, ರಾತ್ರಿ ವೈದ್ಯರಿರುತ್ತಾರೆಯೇ, ಇಲ್ಲವಾದರೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೇ ಎಂಬುದನ್ನು ಈಗಲೇ ಕೇಳಿ ತಿಳಿದು, ಗೋಡೆಯ ಮೇಲಿನ ಪಟ್ಟಿಗೆ ಸೇರಿಸಬೇಕು.

ಸಿಡಿಲು

ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಕಾಲದಲ್ಲಿ, ಅಂದರೆ ಏಪ್ರಿಲ್ ಮತ್ತು ಮೇ ತಿಂಗಳುಗಳ ಮಧ್ಯಾಹ್ನದ ನಂತರ ಗುಡುಗು ಸಿಡಿಲಿನ ಅಪಾಯ ಹೆಚ್ಚು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ ಎಂದರ್ಥ. ಕೂಡಲೇ ಕೆಲಸ ನಿಲ್ಲಿಸಿ ಗಟ್ಟಿ ಛಾವಣಿಯ ಮನೆಯೊಳಗೆ ಸೇರಬೇಕು. ಕೊನೆಯ ಗುಡುಗು ಕೇಳಿಸಿದ 30 ನಿಮಿಷಗಳವರೆಗೆ ಹೊರಗೆ ಬರಬಾರದು. ಒಂಟಿ ಮರದ ಕೆಳಗೆ ನಿಲ್ಲುವುದು, ತಂತಿ ಬೇಲಿ ಮುಟ್ಟುವುದು, ಕೆರೆಯಲ್ಲಿ ಇಳಿಯುವುದು ಅಪಾಯಕರ. ರಾಸುಗಳನ್ನೂ ಮರಕ್ಕೆ ಕಟ್ಟಬಾರದು. ಸಿಡಿಲು ಬಡಿದ ವ್ಯಕ್ತಿಯ ದೇಹದಲ್ಲಿ ವಿದ್ಯುತ್ ಉಳಿದಿರುವುದಿಲ್ಲ, ಭಯಪಡದೆ ಮುಟ್ಟಬಹುದು. ಉಸಿರಾಟ ನಿಂತಿದ್ದರೆ 108ಕ್ಕೆ ಕರೆ ಮಾಡಿ ಎದೆಯೊತ್ತುವಿಕೆ ಆರಂಭಿಸಬೇಕು. 'ದಾಮಿನಿ' ಆ್ಯಪ್ ಸಮೀಪದ ಸಿಡಿಲಿನ ಮುನ್ನೆಚ್ಚರಿಕೆ ನೀಡುತ್ತದೆ.

ವಿದ್ಯುತ್ ಮತ್ತು ಬೆಂಕಿ

ಮನೆ ಮತ್ತು ಪಂಪ್‌ಹೌಸ್‌ಗಳ ಅರ್ಥಿಂಗನ್ನು ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುನ್ನ ಪರೀಕ್ಷಿಸಬೇಕು. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಅಳವಡಿಸಿದರೆ ಸೋರಿಕೆಯಾದ ಕ್ಷಣದಲ್ಲಿ ವಿದ್ಯುತ್ ಕಡಿತವಾಗುತ್ತದೆ. ತುಂಡಾಗಿ ಬಿದ್ದ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿದ್ದು 1912ಕ್ಕೆ ತಿಳಿಸಬೇಕು; ಲೈನ್‌ಮ್ಯಾನ್ ಬರುವವರೆಗೆ ಒಬ್ಬರು ದಾರಿ ಕಾಯಬೇಕು. ಆಘಾತಕ್ಕೊಳಗಾದವರನ್ನು ಬರಿಗೈಯಿಂದ ಎಳೆಯದೆ, ಮೊದಲು ಸ್ವಿಚ್ ಆರಿಸಬೇಕು. ಕಾಡುಹಂದಿ ತಡೆಯಲು ಬೇಲಿಗೆ ನೇರ ವಿದ್ಯುತ್ ಹರಿಸುವುದು ಅಪರಾಧ; ಅದಕ್ಕೆ ಬಲಿಯಾಗುವವರು ಎಷ್ಟೋ ಬಾರಿ ಅದೇ ಊರಿನವರು.

ರಾಗಿ ಹುಲ್ಲು ಮತ್ತು ಭತ್ತದ ಹುಲ್ಲಿನ ಮೆದೆಗಳನ್ನು ವಿದ್ಯುತ್ ತಂತಿಯ ಕೆಳಗೆ ಅಥವಾ ಮನೆಗೆ ತಾಗಿದಂತೆ ಒಟ್ಟಬಾರದು. ಒಂದೇ ದೊಡ್ಡ ಮೆದೆಯ ಬದಲು ಅಂತರ ಬಿಟ್ಟು ಎರಡು ಮೆದೆ ಮಾಡಿದರೆ ಒಂದಕ್ಕೆ ಬೆಂಕಿ ಬಿದ್ದರೂ ಇನ್ನೊಂದರಿಂದ ರಾಸುಗಳ ಮೇವು ಉಳಿಯುತ್ತದೆ. ಕಬ್ಬಿನ ತರಗಿಗೆ ಬೆಂಕಿ ಹಚ್ಚದೆ ಹೊದಿಕೆಯಾಗಿ ಬಳಸುವುದು ಮಣ್ಣಿಗೂ ಒಳಿತು, ನೆರೆಯ ಗದ್ದೆಗೂ ಸುರಕ್ಷಿತ.

ಕೆರೆ, ನಾಲೆ ಮತ್ತು ನದಿ

ಕೆರೆ ಏರಿಯ ಹಿಂಬದಿಯ ಬುಡದಲ್ಲಿ ತಿಳಿ ನೀರು ಜಿನುಗುವುದಕ್ಕಿಂತ ಕೆಸರು ನೀರು ಹರಿಯುವುದು ಹೆಚ್ಚು ಅಪಾಯದ ಸೂಚನೆ. ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂಬುದನ್ನು ಅದು ತಿಳಿಸುತ್ತದೆ. ಏರಿ ಕುಸಿಯುವುದು, ಬಿರುಕು ಬಿಡುವುದು, ಇಲಿ ಅಥವಾ ಏಡಿಯ ಬಿಲಗಳಿಂದ ನೀರು ಬರುವುದು ಕಂಡರೆ ಗ್ರಾಮ ಪಂಚಾಯಿತಿಗೂ 1077ಕ್ಕೂ ತಿಳಿಸಿ, ಕೆಳಭಾಗದ ಮನೆಯವರನ್ನು ಎಚ್ಚರಿಸಬೇಕು. ಕೋಡಿಯ ದಾರಿಯನ್ನು ಮುಚ್ಚಿ ನೀರು ನಿಲ್ಲಿಸುವ ಪ್ರಯತ್ನ ಏರಿಯನ್ನೇ ಒಡೆಯಬಲ್ಲದು.

ನಾಲೆಯ ದಡದ ರಸ್ತೆಗಳಲ್ಲಿ ಟ್ರ್ಯಾಕ್ಟರ್, ಎತ್ತಿನಗಾಡಿ, ಬೈಕ್‌ಗಳನ್ನು ನಿಧಾನವಾಗಿ ಚಲಾಯಿಸಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಮೃತಪಟ್ಟಿದ್ದನ್ನು ಮರೆಯಬಾರದು. ನೀರಿಗೆ ಬಿದ್ದವರನ್ನು ರಕ್ಷಿಸಲು ಈಜು ಬಾರದವರು ಧುಮುಕದೆ ಹಗ್ಗ, ಉದ್ದ ಕೋಲು, ಸೀರೆ ಅಥವಾ ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಬೇಕು. ನದಿ ದಡದ ರೈತರು ಜಲಾಶಯದ ಹೊರಹರಿವಿನ ಪ್ರಕಟಣೆಯನ್ನು ಪ್ರತಿದಿನ ಗಮನಿಸಿ ಮೋಟಾರು, ಪೈಪು, ರಾಸುಗಳನ್ನು ಹಗಲಿನಲ್ಲೇ ಎತ್ತರಕ್ಕೆ ಸಾಗಿಸಬೇಕು.

ಜಾನುವಾರು, ನೀರು ಮತ್ತು ಮೇವು

ಹಾಲು ಕೊಡುವ ಹಸುವಿಗೆ ದಿನಕ್ಕೆ ಸುಮಾರು 50ರಿಂದ 60 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ವಿದ್ಯುತ್ ಕೈಕೊಟ್ಟರೆ ಎರಡು ದಿನ ಸಾಲುವಷ್ಟು ನೀರಿನ ತೊಟ್ಟಿ ಕೊಟ್ಟಿಗೆಯ ಬಳಿ ಇರಬೇಕು. ರಾಸೊಂದಕ್ಕೆ ದಿನಕ್ಕೆ 6 ಕೆ.ಜಿ. ಒಣಹುಲ್ಲಿನಂತೆ 15 ದಿನಗಳಿಗೆ 90 ಕೆ.ಜಿ. ಮೀಸಲಿಡುವುದು ಕನಿಷ್ಠ ಸಿದ್ಧತೆ. ಮೆಕ್ಕೆಜೋಳದ ರಸಮೇವು ಬರಗಾಲಕ್ಕೆ ಉತ್ತಮ ಆಸರೆ. ಬೆಂಕಿ ಅಥವಾ ನೆರೆಯ ಸಂದರ್ಭದಲ್ಲಿ ರಾಸುಗಳ ಹಗ್ಗ ಬಿಚ್ಚಲು ಅಥವಾ ಕತ್ತರಿಸಲು ಕೊಟ್ಟಿಗೆಯಲ್ಲೇ ಒಂದು ಕುಡುಗೋಲು ಸಿಕ್ಕಿಸಿಡಬೇಕು. ನೆರೆಯ ನಂತರ ಕುಡಿಯುವ ನೀರನ್ನು ಚೆನ್ನಾಗಿ ಕುದಿಸಿಯೇ ಬಳಸಬೇಕು.

ಹಾನಿಯಾದ ನಂತರ

• ಸ್ಥಳವನ್ನು ಶುಚಿಗೊಳಿಸುವ ಮುನ್ನ ದಿನಾಂಕ ಸಹಿತ ಛಾಯಾಚಿತ್ರ ತೆಗೆದು ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು.
• ವಿಮೆ ಮಾಡಿಸಿದ ಬೆಳೆಗೆ ಆಲಿಕಲ್ಲು ಮಳೆಯಂತಹ ಸ್ಥಳೀಯ ವಿಕೋಪದಿಂದ, ಅಥವಾ ಕೊಯ್ದು ಹೊಲದಲ್ಲಿ ಒಣಗಲು ಬಿಟ್ಟ ಬೆಳೆಗೆ 14 ದಿನಗಳೊಳಗೆ ಅಕಾಲಿಕ ಮಳೆಯಿಂದ ನಷ್ಟವಾದರೆ 72 ಗಂಟೆಗಳೊಳಗೆ ದೂರು ದಾಖಲಿಸಬೇಕು. ಸಹಾಯವಾಣಿ 14447.
• ರಾಸು ಸತ್ತರೆ ಹೂಳುವ ಮುನ್ನ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಹಸು, ಎಮ್ಮೆಗೆ ರೂ. 37,500, ಎತ್ತಿಗೆ ರೂ. 32,000, ಕುರಿ, ಮೇಕೆಗೆ ರೂ. 4,000 ನಿಗದಿಯಾಗಿದೆ. ವರದಿ ಇಲ್ಲದಿದ್ದರೆ ಅರ್ಹ ಕುಟುಂಬವೂ ಪರಿಹಾರದಿಂದ ವಂಚಿತವಾಗುತ್ತದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆ

ಮುಂಗಾರಿಗೆ ಮುನ್ನ ಪ್ರತಿ ಗ್ರಾಮದಲ್ಲಿ ಸ್ವಸಹಾಯ ಸಂಘ ಮತ್ತು ಹಾಲು ಉತ್ಪಾದಕರ ಸಂಘದ ಸದಸ್ಯರನ್ನು ಸೇರಿಸಿ, ಹಾವು ಕಡಿತದ ಪ್ರಥಮ ಚಿಕಿತ್ಸೆ ಹಾಗೂ ಎದೆಯೊತ್ತುವಿಕೆಯ ಪ್ರಾತ್ಯಕ್ಷಿಕೆಯನ್ನು ಆರೋಗ್ಯ ಇಲಾಖೆಯ ನೆರವಿನಿಂದ ಏರ್ಪಡಿಸಬೇಕು. ಒಂಟಿ ವೃದ್ಧರು, ಗರ್ಭಿಣಿಯರು ಮತ್ತು ಅಂಗವಿಕಲರಿರುವ ಮನೆಗಳನ್ನು ಗುರುತಿಸಿ, ತುರ್ತು ವೇಳೆಯಲ್ಲಿ ಆ ಮನೆಗೆ ಮೊದಲು ಹೋಗುವವರು ಯಾರು ಎಂಬುದನ್ನು ಗ್ರಾಮದಲ್ಲೇ ನಿಗದಿಪಡಿಸುವುದು ಅಗತ್ಯ.

ಆರು ತಿಂಗಳಿಗೊಮ್ಮೆ ಚೀಲದ ಔಷಧಿ, ಸೆಲ್‌ಗಳನ್ನು ಬದಲಿಸಿ, ಗೋಡೆಯ ಸಂಖ್ಯೆಗಳನ್ನು ಪರಿಶೀಲಿಸಬೇಕು. ಯುಗಾದಿ ಮತ್ತು ದೀಪಾವಳಿಯ ಮನೆ ಶುಚಿಗೊಳಿಸುವ ದಿನಗಳನ್ನು ಇದಕ್ಕೆ ಗೊತ್ತುಮಾಡಿಕೊಂಡರೆ ಮರೆಯುವ ಸಂಭವವಿಲ್ಲ. ಹೆಚ್ಚಿನ ಮಾಹಿತಿಗಾಗಿ ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.